ಐವತ್ತು ದಾಟಿದ ಮೇಲೂ ಗುಡ್ಡದ ಮೇಲೆ ಸೈಕಲ್: ಬಿಡದೆ ತುಳಿಯುವುದು ಹೇಗೆ

ಮೌಂಟನ್ ಬೈಕಿಂಗ್ ಮಾಡುತ್ತಿದ್ದವರು ಐವತ್ತರ ಆಸುಪಾಸಿನಲ್ಲಿ ಯಾಕೆ ಬಿಟ್ಟುಬಿಡುತ್ತಾರೆ ಅಂತ ಗಮನಿಸಿದ್ದೀರಾ? ಸುತ್ತಮುತ್ತ ನೋಡಿದರೆ ಕಥೆ ಹೆಚ್ಚುಕಡಿಮೆ ಒಂದೇ. ಒಂದು ಸಲ ಬಿದ್ದು ಮಣಿಕಟ್ಟು ಮುರಿಯುತ್ತದೆ, ಅಥವಾ ಸೊಂಟ ಹಿಡಿದುಕೊಳ್ಳುತ್ತದೆ, ಅಥವಾ ಮನೆಯಲ್ಲಿ ಮದುವೆ, ಆಫೀಸಿನಲ್ಲಿ ಕೆಲಸ ಅಂತ ಮೂರು ನಾಲ್ಕು ತಿಂಗಳು ಸೈಕಲ್ ಮೂಲೆ ಸೇರುತ್ತದೆ. ಆಮೇಲೆ ಒಂದು ಭಾನುವಾರ ಹಳೆ ಗುಂಪಿನ ಜೊತೆ ಹೊರಟರೆ ಮೊದಲ ಏರಿನಲ್ಲೇ ಏದುಸಿರು, ಇಳಿಜಾರಿನಲ್ಲಿ ಕೈ ನಡುಕ, ಎರಡು ದಿನ ಮೈಕೈ ನೋವು. ಮುಂದಿನ ಭಾನುವಾರ ಏನೋ ಒಂದು ನೆಪ. ಅಲ್ಲಿಗೆ ಮುಗಿಯಿತು.

ಅಂದರೆ ಬಿಡಿಸುವುದು ಆ ದೊಡ್ಡ ಬಿಡುವು. ವಯಸ್ಸಾದಂತೆ ಬಿಡುವಿನ ಬೆಲೆ ಜಾಸ್ತಿ ಆಗುತ್ತದೆ, ಅಷ್ಟೇ. ಎರಡು ಮೂರು ವಾರ ತುಳಿಯದೇ ಇದ್ದರೆ ಉಸಿರಿನ ಶಕ್ತಿ ಇಳಿಯಲು ಶುರುವಾಗುವುದು ಇಪ್ಪತ್ತೈದರಲ್ಲೂ ನಿಜ, ಐವತ್ತೈದರಲ್ಲೂ ನಿಜ. ಆದರೆ ಐವತ್ತೈದರಲ್ಲಿ ಅದನ್ನು ವಾಪಸ್ ತರುವುದು ನಿಧಾನ. ಹಾಗಾಗಿ ನಾನು ಇಲ್ಲಿ ಹೇಳುವ ಎಲ್ಲದರ ಹಿಂದೆ ಒಂದೇ ಲೆಕ್ಕ ಇದೆ: ತಿಂಗಳುಗಟ್ಟಲೆ ಸೈಕಲ್‌ನಿಂದ ದೂರ ಇರುವ ಪರಿಸ್ಥಿತಿ ಬರಬಾರದು. ಟೈರಿನ ಗಾಳಿ, ಕನ್ನಡಕ, ಬಸ್ಕಿ, ನಿದ್ದೆ, ಯಾವ ಇಳಿಜಾರಿನಲ್ಲಿ ಇಳಿದು ನಡೆಯಬೇಕು, ಎಲ್ಲ ಅದಕ್ಕೇ.

ಈ ಆಟಕ್ಕೇ ಈಗ ಐವತ್ತು ವರ್ಷ ಅನ್ನುವುದನ್ನೂ ನೆನಪಿಡಿ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಇವರೆಲ್ಲ ಹಳೆ ಸೈಕಲ್ ತಗೊಂಡು ಮಣ್ಣಿನ ಇಳಿಜಾರಿನಲ್ಲಿ ರೇಸ್ ಶುರು ಮಾಡಿದ್ದು 1976ರಲ್ಲಿ. ಅವರೇ ಈಗ ಎಪ್ಪತ್ತು ದಾಟಿದ್ದಾರೆ. 1990ರಲ್ಲಿ ಏರು ಇಳಿಜಾರು ಎರಡೂ ಇರುವ ಕ್ರಾಸ್ ಕಂಟ್ರಿ ರೇಸಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ ನೆಡ್ ಓವರೆಂಡ್ ಆಗಲೇ 35ರವರು, ಮತ್ತೆ 2015ರಲ್ಲಿ 59ನೇ ವಯಸ್ಸಿನಲ್ಲಿ ಅಮೆರಿಕದ ಫ್ಯಾಟ್ ಬೈಕ್ (ತುಂಬಾ ದಪ್ಪ ಟೈರಿನ ಸೈಕಲ್) ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದರು. ದಕ್ಷಿಣ ಆಫ್ರಿಕಾದ ಗ್ರೆಗ್ ಮಿನಾರ್ 2021ರಲ್ಲಿ ಡೌನ್‌ಹಿಲ್, ಅಂದರೆ ಬರೀ ಇಳಿಜಾರಿನ ರೇಸಿನ, ವಿಶ್ವ ಚಾಂಪಿಯನ್ ಆದಾಗ 39. ಅವರ ಮಟ್ಟ ನಮಗೆ ಬೇಡ. ಆದರೆ ವಯಸ್ಸಾಯಿತು, ಇದೆಲ್ಲ ಹುಡುಗರಿಗೆ ಅನ್ನುವವರಿಗೆ ಉತ್ತರವಾಗಿ ಈ ಹೆಸರುಗಳು ಸಾಕು.

ಮೊದಲು ಡಾಕ್ಟರ ಹತ್ತಿರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ತಪ್ಪಿಸಬೇಡಿ. ನಮ್ಮ ಕಡೆ ಹೃದಯದ ತೊಂದರೆ ಬೇಗ ಬರುತ್ತದೆ. ನಲವತ್ತೈದು ದಾಟಿದ್ದರೆ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದ್ದರೆ, ಅಥವಾ ನಿಮಗೇ ಶುಗರ್, ಬಿಪಿ ಇದ್ದರೆ, ಗುಡ್ಡ ಹತ್ತುವ ಮೊದಲು ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವುದು), ಎಕೋ (ಹೃದಯದ ಸ್ಕ್ಯಾನ್) ಬೇಕಾ ಅಂತ ಡಾಕ್ಟರೇ ಹೇಳುತ್ತಾರೆ. ನೀವು ಹೇಳಬೇಕಾದ್ದು ಇಷ್ಟು: ನಾನು ಸುಮ್ನೆ ಪಾರ್ಕಿನಲ್ಲಿ ಸೈಕಲ್ ಹೊಡೆಯುವುದಿಲ್ಲ, ಕಡಿದಾದ ಏರಿನಲ್ಲಿ ನಿಮಿಷಗಟ್ಟಲೆ ಎದೆಬಡಿತ ಜಾಸ್ತಿ ಇರುತ್ತದೆ.

ಮಾತ್ರೆಗಳ ಬಗ್ಗೆಯೂ ಕೇಳಿ. ಬಿಪಿಗೆ ಅಂತ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಿಗೆ ಎದೆಬಡಿತ ಏರುವುದೇ ಕಡಿಮೆ. ವಾಚಿನಲ್ಲಿ 120 ತೋರಿಸುತ್ತಿದ್ದರೂ ಮೈ ಪೂರ್ತಿ ದುಡಿಯುತ್ತಿರಬಹುದು. ಇಂಥವರು ವಾಚ್ ನಂಬಬಾರದು, ಉಸಿರು ನಂಬಬೇಕು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಹಗುರ, ಎರಡು ಮೂರು ಪದಕ್ಕೇ ಉಸಿರು ಎಳೆದುಕೊಳ್ಳಬೇಕಾದರೆ ಜೋರು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ತಲೆಗೆ ಪೆಟ್ಟು ಬಿದ್ದರೆ, ಏನೂ ಆಗಿಲ್ಲ ಅನ್ನಿಸಿದರೂ, ನೇರ ಆಸ್ಪತ್ರೆಗೆ ಹೋಗಬೇಕು. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಇದ್ದರೆ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು, ಉದ್ದದ ರೈಡ್ ಆದ ದಿನ ರಾತ್ರಿಯೂ ಶುಗರ್ ಇಳಿಯಬಹುದು ಅನ್ನುವುದು ಗೊತ್ತಿರಬೇಕು.

ಎದೆಬಡಿತ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಅನ್ನಲು ವಾಚಿನವರು ಬಳಸುವ 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ತುಂಬಾ ಒರಟು. 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು ಸ್ವಲ್ಪ ಮೇಲು. 55 ವಯಸ್ಸಿಗೆ ಅದು ಸುಮಾರು 170 ಬರುತ್ತದೆ. ಅದೂ ಸರಾಸರಿ ಅಷ್ಟೇ, ಒಬ್ಬೊಬ್ಬರಿಗೆ ಹತ್ತು ಹದಿನೈದು ಆಚೀಚೆ ಇರುತ್ತದೆ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ಯಾವತ್ತೂ ಇಲ್ಲದ ಏದುಸಿರು, ತಲೆ ಸುತ್ತು, ಇವು ಬಂದರೆ ಅಲ್ಲೇ ನಿಲ್ಲಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬಹುದು ಅಂತ ಅಂದುಕೊಂಡು ಮುಂದಿನ ದಿಬ್ಬ ಹತ್ತಬೇಡಿ.

ಕಣ್ಣು

ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಚಾಳೀಸು ಬಂದ ಮೇಲೆ ಬಹಳಷ್ಟು ಜನ ಪ್ರೊಗ್ರೆಸಿವ್ ಲೆನ್ಸ್ ಹಾಕಿಸಿಕೊಳ್ಳುತ್ತಾರೆ. ಮೇಲಿನ ಭಾಗದಲ್ಲಿ ದೂರದ್ದು ಕಾಣುತ್ತದೆ, ಕೆಳಗಿನ ಭಾಗ ಓದುವುದಕ್ಕೆ. ಆಫೀಸಿಗೆ ಚೆನ್ನಾಗಿದೆ. ಟ್ರೇಲಿನಲ್ಲಿ, ಅಂದರೆ ಗುಡ್ಡದ ಮಣ್ಣಿನ ಕಾಲುದಾರಿಯಲ್ಲಿ, ಏನಾಗುತ್ತದೆ ನೋಡಿ: ಇಳಿಜಾರಿನಲ್ಲಿ ಮೈ ಬಗ್ಗಿಸಿ, ಮುಂದಿನ ಚಕ್ರದಿಂದ ನಾಲ್ಕೈದು ಮೀಟರ್ ಆಚೆಗಿನ ಕಲ್ಲನ್ನು ಕಣ್ಣು ಕೆಳಗೆ ಮಾಡಿ ನೋಡುತ್ತೀರಿ. ಆ ನೋಟ ಹಾದು ಹೋಗುವುದು ಓದುವ ಭಾಗದಿಂದ, ಅದು ಒಂದೂವರೆ ಅಡಿ ದೂರಕ್ಕೆ ಮಾಡಿದ್ದು. ಕಲ್ಲು ಮಸುಕಾಗುತ್ತದೆ, ಎಷ್ಟು ಎತ್ತರ, ಎಷ್ಟು ದೂರ ಅಂತ ಅಂದಾಜು ತಪ್ಪುತ್ತದೆ. ತುಂಬಾ ಜನ ಇದನ್ನು ಧೈರ್ಯ ಕಡಿಮೆ ಆಯಿತು ಅಂತ ತಿಳಿದುಕೊಳ್ಳುತ್ತಾರೆ. ಕನ್ನಡಕದ ಅಂಗಡಿಯಲ್ಲಿ ದೂರದ ಪವರ್ ಮಾತ್ರ ಇರುವ, ಒಡೆಯದ ಪಾಲಿಕಾರ್ಬೊನೇಟ್ ಲೆನ್ಸಿನ, ಮುಖಕ್ಕೆ ಸುತ್ತಿಕೊಳ್ಳುವ ಕನ್ನಡಕ ಒಂದನ್ನು ಸೈಕಲ್‌ಗೆ ಅಂತಲೇ ಮಾಡಿಸಿ. ಫೋನ್ ನೋಡಲು ಕಷ್ಟ ಆಗುತ್ತದೆ, ಆಗಲಿ.

ಇನ್ನೊಂದು, ನೆರಳು ಬಿಸಿಲು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟದ ದಾರಿಗಳಲ್ಲಿ ಸಿಲ್ವರ್ ಓಕ್ ಮರದ ನಡುವೆ ಒಂದು ಕ್ಷಣ ಕಣ್ಣು ಕುಕ್ಕುವ ಬಿಸಿಲು, ಮರುಕ್ಷಣ ಕತ್ತಲು. ಇಪ್ಪತ್ತರ ಕಣ್ಣು ತಕ್ಷಣ ಹೊಂದಿಕೊಳ್ಳುತ್ತದೆ, ಅರವತ್ತರ ಕಣ್ಣಿಗೆ ಹೊತ್ತು ಬೇಕು. ಬೆಳಕಿಗೆ ಬಣ್ಣ ಬದಲಿಸುವ ಲೆನ್ಸ್ ಕೂಡ ಅಷ್ಟು ಬೇಗ ಬದಲಾಗುವುದಿಲ್ಲ. ಕಪ್ಪು ಕನ್ನಡಕ ಬೇಡ. ಬಣ್ಣವಿಲ್ಲದ ಅಥವಾ ತಿಳಿ ಹಳದಿ ಲೆನ್ಸ್ ಹಾಕಿ. ನೆರಳಿನೊಳಗೆ ನುಗ್ಗುವ ಮೊದಲೇ ಬ್ರೇಕ್ ಹಾಕಿ ವೇಗ ಇಳಿಸಿ, ಕಣ್ಣು ಹೊಂದಿಕೊಂಡ ಮೇಲೆ ಬಿಡಿ. ಸಂಜೆ ಆರರ ಮೇಲೆ ದಾರಿ ಮಂಜುಮಂಜು ಅನ್ನಿಸುತ್ತಿದ್ದರೆ ಪೊರೆ ಬರುತ್ತಿದೆಯಾ ಅಂತ ತೋರಿಸಿ.

ಸೈಕಲ್‌ನಲ್ಲಿ ಏನು ಬದಲಿಸಬೇಕು

ಹೊಸ ಸೈಕಲ್ ತಗೊಳ್ಳುವ ಮುಂಚೆ ದುಡ್ಡಿಲ್ಲದೆ ಆಗುವ ಕೆಲಸ ಮಾಡಿ: ಟೈರಿನ ಗಾಳಿ ಇಳಿಸಿ. ಅಂಗಡಿಯಲ್ಲಿ ಹೊಡೆದು ಕೊಡುವುದು 40, 50 ಪಿಎಸ್‌ಐ, ಕಲ್ಲಿನ ಹಾಗೆ. 70 ಕಿಲೋ ತೂಕದವರಿಗೆ 2.3 ಅಥವಾ 2.4 ಇಂಚಿನ ಟ್ಯೂಬ್‌ಲೆಸ್ ಟೈರ್ ಇದ್ದರೆ ಮುಂದೆ 22, ಹಿಂದೆ 25ರ ಹತ್ತಿರ ಶುರು ಮಾಡಿ, ರಿಮ್‌ಗೆ ಕಲ್ಲು ತಾಗುತ್ತಿದ್ದರೆ ಒಂದೆರಡು ಏರಿಸಿ. ಮಣಿಕಟ್ಟಿಗೆ, ಕುತ್ತಿಗೆಗೆ, ಸೊಂಟಕ್ಕೆ ಇದರಿಂದ ಸಿಗುವ ಆರಾಮ ಸಾವಿರಗಟ್ಟಲೆ ಕೊಟ್ಟರೂ ಬೇರೆ ಯಾವುದರಿಂದಲೂ ಸಿಗುವುದಿಲ್ಲ, ಜೊತೆಗೆ ಗರಸು ಮಣ್ಣಿನ ಮೇಲೆ ಹಿಡಿತವೂ ಜಾಸ್ತಿ. ಟ್ಯೂಬ್ ಇದ್ದರೆ ಅಷ್ಟು ಇಳಿಸಲು ಆಗುವುದಿಲ್ಲ, ಟ್ಯೂಬ್ ಸೀಳುತ್ತದೆ, ಹಾಗಾಗಿ ಟ್ಯೂಬ್‌ಲೆಸ್ ಮಾಡಿಸಿ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಮುಳ್ಳಿಗೂ ಅದೇ ಉತ್ತರ. ನಮ್ಮ ಬಿಸಿಲಿಗೆ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹಾಕಿ.

ಡ್ರಾಪರ್ ಪೋಸ್ಟ್ ಹಾಕಿಸದೇ ಇದ್ದರೆ ಹಾಕಿಸಿ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುತ್ತದೆ, ಇಳಿಜಾರಿನಲ್ಲಿ ಮೈ ತಗ್ಗಿಸಲು ಜಾಗ ಸಿಗುತ್ತದೆ. ಮೇಲೆ ಹೇಳಿದ ಜೋ ಬ್ರೀಜ್ 1980ರ ದಶಕದಲ್ಲೇ ಸೀಟು ಏರಿಸಿ ಇಳಿಸಲು ಒಂದು ಸ್ಪ್ರಿಂಗ್ ಮಾಡಿದ್ದರು, ಅಂದರೆ ಸೀಟು ಎತ್ತರ ಇಟ್ಟುಕೊಂಡು ಇಳಿಯುವುದು ಅಪಾಯ ಅಂತ ಶುರುವಿನಿಂದಲೂ ಗೊತ್ತು. ವಯಸ್ಸಾದವರಿಗೆ ಇನ್ನೊಂದು ಲಾಭ: ಸೊಂಟ ಬಿಗಿಯಾಗಿ ಕಾಲು ಎತ್ತಿ ಹಾಕಲು ಕಷ್ಟ ಆಗುವವರು ಸೀಟು ಇಳಿಸಿಕೊಂಡೇ ಹತ್ತಿ ಇಳಿಯಬಹುದು. ನಿಂತಲ್ಲೇ ಬೀಳುವುದು ತಪ್ಪುತ್ತದೆ.

ಗೇರ್ ಬಗ್ಗೆ ನಾಚಿಕೆ ಬೇಡ. ಮುಂದೆ 30 ಹಲ್ಲು, ಹಿಂದಿನ ಕ್ಯಾಸೆಟ್‌ನಲ್ಲಿ (ಹಿಂಚಕ್ರದ ಗೇರ್ ಬಿಲ್ಲೆಗಳ ಗುಂಪು) ದೊಡ್ಡದಕ್ಕೆ 51 ಹಲ್ಲು ಇದ್ದರೆ, 29 ಇಂಚಿನ ಚಕ್ರದಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 5 ಕಿಲೋಮೀಟರ್ ಹತ್ತಿರ ಹೋಗುತ್ತೀರಿ. ನಡಿಗೆಯ ವೇಗ. ಮಂಡಿಗೆ ಬೀಳುವ ಭಾರ ಬಹಳ ಕಡಿಮೆ. ಮುಂದೆ 34 ಹಲ್ಲು ಹಾಕಿಕೊಂಡು ಸೊಂಟ ಮುರಿಯುವ ಹಾಗೆ ತುಳಿಯುವುದರಿಂದ ಮಂಡಿ ಹಾಳು, ಬೇರೇನೂ ಇಲ್ಲ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಹೆಚ್ಚಾಗಿ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರ ಆಗಿದೆ, ಐದು ಮಿಲಿಮೀಟರ್ ಬದಲಿಸಿ ಒಂದು ವಾರ ನೋಡಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಹೊರ ಅಂಚಿನ ನರ ಒತ್ತುತ್ತಿದೆ. ಅಂಗೈಗೆ ಆಸರೆ ಕೊಡುವ ಅಗಲ ಗ್ರಿಪ್ ಹಾಕಿ, ಬ್ರೇಕ್ ಲಿವರ್ ಮಣಿಕಟ್ಟು ಮುರಿಯದ ಕೋನಕ್ಕೆ ತಿರುಗಿಸಿ. ಬ್ರೇಕ್ ಹೈಡ್ರಾಲಿಕ್ ಡಿಸ್ಕ್ ಇರಲಿ, ಒಂದೇ ಬೆರಳಲ್ಲಿ ಹಿಡಿಯುವಂತಿರಲಿ. ಉಳಿದ ಮೂರು ಬೆರಳು ಹ್ಯಾಂಡಲ್ ಬಿಡಬಾರದು.

ಶೂ ಅಂಟಿಕೊಳ್ಳುವ ಕ್ಲಿಪ್ ಪೆಡಲ್ ಬೇಕಾ ಬೇಡವಾ ಅಂತ ಜಗಳ ಇದೆ. ನನ್ನ ಅಭಿಪ್ರಾಯ, ಐವತ್ತೈದರ ಮೇಲೆ ಟ್ರೇಲಿಗೆ ಕ್ಲಿಪ್ ಇಲ್ಲದ ಚಪ್ಪಟೆ ಫ್ಲಾಟ್ ಪೆಡಲ್. ಕಾಲು ತಕ್ಷಣ ನೆಲಕ್ಕೆ ಬರಬೇಕು.

ಮುಂದೆ ಹಿಂದೆ ಎರಡೂ ಕಡೆ ಕುಗ್ಗುವ ಫುಲ್ ಸಸ್ಪೆನ್ಷನ್ ಬೆನ್ನಿಗೆ ಒಳ್ಳೆಯದು, ನಿಜ. ಆದರೆ ಮುಂದೆ ಮಾತ್ರ ಕುಗ್ಗುವ ಹಾರ್ಡ್‌ಟೇಲ್ ಇದೆ ಅಂತ ಕೊರಗಬೇಡಿ. ಯಾವುದಿದ್ದರೂ ಸ್ಯಾಗ್ ಸರಿ ಮಾಡಿಸಿ: ಸೈಕಲ್ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಾಗ ಮುಂದಿನ ಫೋರ್ಕ್ ತನ್ನ ಚಲನೆಯ ಐದನೇ ಒಂದು ಭಾಗ, ಹಿಂದಿನದು ಇದ್ದರೆ ಅದು ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗಬೇಕು. ಫೋರ್ಕಿನ ಮೇಲಿರುವ ರಬ್ಬರ್ ಉಂಗುರ ಅದನ್ನು ನೋಡಲೇ ಇರುವುದು.

ಮೈ ಗಟ್ಟಿ ಇಟ್ಟುಕೊಳ್ಳುವುದು

ಸೈಕಲ್ ತುಳಿದರೆ ಸಾಕು, ಬೇರೆ ವ್ಯಾಯಾಮ ಯಾಕೆ ಅನ್ನುವವರು ಜಾಸ್ತಿ. ಆದರೆ ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ಮೇಲೆ ಇನ್ನೂ ವೇಗ. ಸೈಕಲ್‌ನಲ್ಲಿ ಮೈಭಾರ ಸೀಟಿನ ಮೇಲಿರುವುದರಿಂದ ಮೂಳೆಗೆ ಕೆಲಸ ಸಿಗುವುದಿಲ್ಲ. ಎಷ್ಟೇ ತುಳಿದರೂ ಮೂಳೆ ತೆಳುವಾಗಬಹುದು. ಹಾಗಾದಾಗ ಸಣ್ಣ ಬೀಳುವಿಕೆಯೇ ಮಣಿಕಟ್ಟು ಮುರಿಯಲು ಸಾಕು. ಮುಟ್ಟು ನಿಂತ ಹೆಂಗಸರಿಗೆ ಇದು ಇನ್ನೂ ಬೇಗ, ಅವರು ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ವಿಟಮಿನ್ ಡಿ ಕೂಡ ನೋಡಿಸಿ, ದಿನವಿಡೀ ಎಸಿ ಆಫೀಸಿನಲ್ಲಿ ಕೂರುವವರಿಗೆ ನಮ್ಮ ಬಿಸಿಲ ನಾಡಿನಲ್ಲೂ ಕಡಿಮೆ ಇರುತ್ತದೆ.

ವಾರಕ್ಕೆ ಎರಡು ದಿನ, ಅರ್ಧ ಗಂಟೆ. ಜಿಮ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗರಡಿಮನೆಯ ಹಳೆ ಪಾಠವೇ ಸಾಕು: ಬಸ್ಕಿ, ದಂಡ. ಮಂಡಿ ನೋವಿದ್ದವರು ಅರ್ಧ ಬಸ್ಕಿ ಹೊಡೆಯಿರಿ, ಕುರ್ಚಿಗೆ ಕೂತು ಏಳಿ. ದಂಡ ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಕೊಟ್ಟು ಮಾಡಿ, ಆಮೇಲೆ ಕಟ್ಟೆಗೆ, ಆಮೇಲೆ ನೆಲಕ್ಕೆ. ಎರಡು ಬಕೆಟ್ ನೀರು ಎರಡೂ ಕೈಯಲ್ಲಿ ಹಿಡಿದು ಮನೆ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯುವುದು ಹಿಡಿತಕ್ಕೆ, ಭುಜಕ್ಕೆ, ಬೆನ್ನಿಗೆ ಅದ್ಭುತ. ಇಳಿಜಾರಿನಲ್ಲಿ ಮೊದಲು ಸೋಲುವುದು ಮುಂಗೈ, ಅಲ್ವಾ? ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಬರುತ್ತದೆ. ಅದನ್ನು ಸೊಂಟದಿಂದ ಬಗ್ಗಿ, ಬೆನ್ನು ನೆಟ್ಟಗಿಟ್ಟು ಎತ್ತಲು ಬಂದರೆ ಸೈಕಲ್ ಎತ್ತಿ ಬೇಲಿ ದಾಟಿಸುವುದು ಕಷ್ಟ ಆಗುವುದಿಲ್ಲ. ಬೆನ್ನು ನೋವಿನ ಹಳೆ ಕಥೆ ಇರುವವರು ಇದಕ್ಕೆ ಕೈ ಹಾಕುವ ಮೊದಲು ಫಿಸಿಯೋ ಹತ್ತಿರ ಕಲಿಯಿರಿ.

ತೂಕದ ಜೊತೆಗೆ ಸಮತೋಲನ. ಹಲ್ಲುಜ್ಜುವಾಗ ಒಂದೇ ಕಾಲಿನ ಮೇಲೆ ನಿಲ್ಲಿ, ಅರ್ಧಕ್ಕೆ ಕಾಲು ಬದಲಿಸಿ. ಸುಲಭ ಆದ ಮೇಲೆ ಕಣ್ಣು ಮುಚ್ಚಿ, ಗೋಡೆ ಪಕ್ಕದಲ್ಲೇ ಇರಲಿ. ಊಟಕ್ಕೆ ನೆಲದ ಮೇಲೆ ಕೂರಿ, ಕೈ ಊರದೆ ಏಳಲು ನೋಡಿ. ಕೊನೆಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲೋ ಮನೆ ಮುಂದಿನ ರಸ್ತೆಯಲ್ಲೋ ಸೈಕಲ್ ಮೇಲೆ ನಿಂತಲ್ಲೇ ನಿಲ್ಲುವ ಅಭ್ಯಾಸ: ಪೆಡಲ್ ಎರಡೂ ಸಮ, ಮುಂದಿನ ಚಕ್ರ ಸ್ವಲ್ಪ ವಾರೆ, ಬ್ರೇಕ್ ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು. ದಿನಕ್ಕೆ ಐದು ನಿಮಿಷ. ಕಲ್ಲಿನ ಏರಿನಲ್ಲಿ ಚಕ್ರ ಸಿಕ್ಕಿಕೊಂಡಾಗ ಒಂದು ಕ್ಷಣ ನಿಂತು ಯೋಚಿಸಲು ಇದೇ ಸಮಯ ಕೊಡುತ್ತದೆ.

ತುಳಿಯುವ ರೀತಿ

ವಯಸ್ಸಾದವರು ಬೀಳುವುದು ವೇಗದಲ್ಲಿ ಅಂತ ಎಲ್ಲರೂ ತಿಳಿದಿರುತ್ತಾರೆ. ನಾನು ಕಂಡಿರುವುದು ಬೇರೆ. ಹೆಚ್ಚು ಜನ ಬೀಳುವುದು ಕಡಿದಾದ ಏರಿನಲ್ಲಿ, ಸೈಕಲ್ ನಿಂತೇ ಹೋದಾಗ. ಉಸಿರು ಸೋತಿರುತ್ತದೆ, ಇನ್ನೊಂದು ಸುತ್ತು ತುಳಿದರೆ ಆಯಿತು ಅನ್ನುವಾಗ ಹಿಂದಿನ ಚಕ್ರ ಜಾರುತ್ತದೆ, ಕಾಲು ಊರಲು ಹೋದರೆ ಆ ಕಡೆ ನೆಲವೇ ಇಲ್ಲ, ಇಳಿಜಾರು. ಪಕ್ಕಕ್ಕೆ ಉರುಳುತ್ತಾರೆ, ಚಾಚಿದ ಕೈ ಮೇಲೆ ಪೂರ್ತಿ ಭಾರ. ಇದಕ್ಕೆ ಉಪಾಯ ಸರಳ. ಗುಡ್ಡದ ಪಕ್ಕದ ದಾರಿಯಲ್ಲಿ ಹತ್ತುವಾಗ ಗುಡ್ಡ ಯಾವ ಕಡೆ, ಕಣಿವೆ ಯಾವ ಕಡೆ ಅಂತ ತಲೆಯಲ್ಲಿ ಇಟ್ಟುಕೊಳ್ಳಿ, ಕಾಲು ಊರಬೇಕಾದರೆ ಗುಡ್ಡದ ಕಡೆಗೇ. ಇನ್ನು ಆಗುವುದಿಲ್ಲ ಅನ್ನುವುದಕ್ಕೆ ಎರಡು ಸುತ್ತು ಮುಂಚೆಯೇ ಇಳಿಯಿರಿ. ಸೈಕಲ್ ತಳ್ಳುವುದರಲ್ಲಿ ತಪ್ಪೇನಿಲ್ಲ, ಅದೂ ವ್ಯಾಯಾಮವೇ, ಮೂಳೆಗೆ ಬೇಕಾದ ನಡಿಗೆಯೂ ಸಿಕ್ಕಿತು.

ಇಳಿಜಾರಿನಲ್ಲಿ, ಅದರಲ್ಲೂ ಬೆಂಗಳೂರು, ಕೋಲಾರ, ತುಮಕೂರು ಕಡೆ ಬೇಸಿಗೆಯಲ್ಲಿ ಇರುವ ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿದ ದಾರಿಯಲ್ಲಿ, ಹೀಗೆ ಮಾಡಿ. ಸೀಟು ಇಳಿಸಿ. ಪೆಡಲ್ ಎರಡೂ ಸಮ, ಹಿಮ್ಮಡಿ ಕೆಳಗೆ. ಮೊಣಕೈ ಹೊರಗೆ, ಎದೆ ತಗ್ಗಿಸಿ, ಭಾರ ಪಾದದ ಮೇಲೆ, ಕೈ ಮೇಲಲ್ಲ. ಕಣ್ಣು ಹೋಗಬೇಕಾದ ಜಾಗದ ಮೇಲೆ. ತಪ್ಪಿಸಬೇಕಾದ ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಅಲ್ಲಿಗೇ ಹೋಗುತ್ತದೆ. ಗಟ್ಟಿ ನೆಲ ಸಿಕ್ಕಲ್ಲಿ ಎರಡೂ ಬ್ರೇಕ್ ಹಾಕಿ ವೇಗ ತಗ್ಗಿಸಿ, ಸಡಿಲ ಕಲ್ಲು, ಒದ್ದೆ ಬೇರು ಬಂದಲ್ಲಿ ಬ್ರೇಕ್ ಬಿಟ್ಟು ಚಕ್ರ ಉರುಳಲು ಬಿಡಿ. ತಿರುವಿನ ಮೊದಲೇ ಬ್ರೇಕ್ ಮುಗಿದಿರಬೇಕು. ತಿರುವಿನ ಮಧ್ಯೆ ಗರಸಿನ ಮೇಲೆ ಮುಂದಿನ ಬ್ರೇಕ್ ಮುಟ್ಟಿದರೆ ಚಕ್ರ ಮಡಿಚಿಕೊಂಡು ಹೋಗುತ್ತದೆ, ಯೋಚಿಸಲು ಸಮಯವೇ ಇರುವುದಿಲ್ಲ.

ಹೊಸ ಜಾಗ ಸಿಕ್ಕರೆ ನಿಲ್ಲಿಸಿ, ಇಳಿದು ನಡೆದು ನೋಡಿ. ಎಲ್ಲಿ ಬ್ರೇಕ್, ಎಲ್ಲಿ ಬಿಡುವುದು, ತಪ್ಪಿದರೆ ಎಲ್ಲಿ ನಿಲ್ಲುವುದು. ಈ ಮೂರಕ್ಕೆ ಉತ್ತರ ಸಿಕ್ಕರೆ ಹೋಗಿ, ಇಲ್ಲದಿದ್ದರೆ ತಳ್ಳಿಕೊಂಡು ಇಳಿಯಿರಿ. ವಯಸ್ಸಿನ ಜೊತೆ ಬರುವ ಒಂದು ಸಂತೋಷ ಇದು, ಒಂದೇ ತುಂಡು ದಾರಿಯನ್ನು ಮತ್ತೆ ಮತ್ತೆ ಹತ್ತಿ ಇಳಿದು, ಇವತ್ತು ಆ ಬೇರನ್ನು ಕಾಲಿಡದೆ ದಾಟಿದೆ ಅನ್ನುವ ಖುಷಿ. ದೂರ, ಎತ್ತರ, ಸ್ಟ್ರಾವಾ ಆ್ಯಪ್ ತೋರಿಸುವ ಟೈಮಿಂಗ್ ಇವು ಯಾವುದೂ ಅದಕ್ಕೆ ಸಮ ಇಲ್ಲ. ಯುವಕರ ಟೈಮಿಂಗ್ ಬೆನ್ನು ಹತ್ತುವುದನ್ನು ಬಿಟ್ಟ ದಿನವೇ ಅರ್ಧ ಅಪಾಯ ಕಡಿಮೆ.

ಹೆಲ್ಮೆಟ್, ಪೂರ್ತಿ ಬೆರಳು ಮುಚ್ಚುವ ಗ್ಲೌಸ್, ಮಂಡಿಗೆ ಪ್ಯಾಡ್. ಈಗಿನ ಮಂಡಿ ಪ್ಯಾಡ್ ತೆಳು, ಹಗುರ, ಏರಿನಲ್ಲೂ ತೆಗೆಯಬೇಕಾಗಿಲ್ಲ. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಟೆಟನಸ್ ಇಂಜೆಕ್ಷನ್ ಹತ್ತು ವರ್ಷಕ್ಕೊಮ್ಮೆ, ಮಣ್ಣು ಮೆತ್ತಿದ ಗಾಯ ಆದಾಗ ಐದು ವರ್ಷ ದಾಟಿದ್ದರೆ ಮತ್ತೆ.

ವಾರ ಹೇಗಿರಬೇಕು

ವಾರದಲ್ಲಿ ಮೂರು ಸಲ ಸೈಕಲ್ ಹತ್ತಿ, ಸಣ್ಣದಾದರೂ ಪರವಾಗಿಲ್ಲ. ಭಾನುವಾರ ಒಂದೇ ದಿನ ಐದು ಗಂಟೆ ತುಳಿದು ಉಳಿದ ಆರು ದಿನ ಕುರ್ಚಿಯಲ್ಲಿ ಕೂರುವುದು ಈ ವಯಸ್ಸಿಗೆ ಅತಿ ಕೆಟ್ಟ ಪದ್ಧತಿ. ಜೋರಾಗಿ ತುಳಿದ ಎರಡು ದಿನದ ನಡುವೆ ಕಡಿಮೆ ಅಂದರೆ ಎರಡು ಹಗುರ ದಿನ ಇರಲಿ. ತಿಂಗಳಲ್ಲಿ ಒಂದು ವಾರ ಅರ್ಧಕ್ಕೆ ಇಳಿಸಿ.

ನಿದ್ದೆ. ಬೆಂಗಳೂರಿನ ಟ್ರಾಫಿಕ್ ತಪ್ಪಿಸಲು ನಾಲ್ಕಕ್ಕೆ ಎದ್ದು ನಂದಿ ಬೆಟ್ಟಕ್ಕೋ ಅವಲಹಳ್ಳಿಗೋ ಹೋಗುವವರು ಹಿಂದಿನ ರಾತ್ರಿ ಹನ್ನೆರಡಕ್ಕೆ ಮಲಗಿರುತ್ತಾರೆ. ಅವತ್ತು ಇಳಿಜಾರು ಬೇಡ, ಸುಮ್ಮನೆ ರಸ್ತೆಯಲ್ಲಿ ಹೋಗಿ ಬನ್ನಿ. ನಿದ್ದೆ ಕೆಟ್ಟವರ ಕೈ ತಡವಾಗಿ ಬ್ರೇಕ್ ಹಿಡಿಯುತ್ತದೆ. ಹಾಗೆಯೇ ಕೊನೆಯ ಸುತ್ತು. ಎಲ್ಲ ಚೆನ್ನಾಗಿ ಆಗಿದೆ, ಇನ್ನೊಂದೇ ರೌಂಡ್ ಅಂತ ಯಾರೋ ಹೇಳುತ್ತಾರೆ. ಕಾಲು ಮುಂಗೈ ಎರಡೂ ಸೋತಿರುವ ಹೊತ್ತು ಅದು. ನೀವು ಹೋಗಿ, ನಾನು ಕಾಫಿ ಹೇಳಿರುತ್ತೇನೆ ಅಂತ ಹೇಳಿ ನಿಲ್ಲಿಸಿ.

ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ತಡ. ಬಾಯಾರಿಕೆ ಆಗಲಿ ಅಂತ ಕಾಯಬೇಡಿ, ಕಾಲು ಗಂಟೆಗೊಮ್ಮೆ ಎರಡು ಗುಟುಕು. ಬೇಸಿಗೆಯಲ್ಲಿ ಒಂದು ಬಾಟಲಿಗೆ ಓಆರ್‌ಎಸ್ ಹಾಕಿ. ಬಿಪಿಗೆ ನೀರು ಹೋಗಿಸುವ ಮಾತ್ರೆ ತಗೊಳ್ಳುವವರು ಎಷ್ಟು ಅಂತ ಡಾಕ್ಟರನ್ನು ಕೇಳಿ. ಹೊರಡುವ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು, ದಾರಿಗೆ ಖರ್ಜೂರ, ಕಡಲೆ ಮಿಠಾಯಿ. ವಾಪಸ್ ಬಂದ ಮೇಲೆ ಬರೀ ಮಸಾಲೆ ದೋಸೆಯಿಂದ ಮಾಂಸಖಂಡ ಆಗುವುದಿಲ್ಲ. ಮೊಟ್ಟೆ, ಮೊಳಕೆ ಹುರಳಿ ಅಥವಾ ಹೆಸರುಕಾಳು, ಪನೀರ್, ಮೊಸರು, ಮೀನು, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು ಜಾಸ್ತಿ ಇರಲಿ. ಐವತ್ತರ ಮೇಲೆ ಪ್ರೋಟೀನ್ ಹೆಚ್ಚೇ ಬೇಕು. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಲೆಕ್ಕ ಬೇರೆ.

ಎಲ್ಲಿ, ಯಾವಾಗ, ಯಾರ ಜೊತೆ

ಬಯಲುಸೀಮೆಗೆ ಮುಂಗಾರಿನ ಮೊದಲ ಮಳೆಗಳಾದ ಮೇಲೆ ಒಳ್ಳೆಯ ಕಾಲ. ಗರಸು ಕೂತಿರುತ್ತದೆ, ಚಕ್ರ ಕಚ್ಚಿಕೊಳ್ಳುತ್ತದೆ. ಮಲೆನಾಡಿಗೆ ತದ್ವಿರುದ್ಧ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ, ಸೋಪು ಹಚ್ಚಿದ ಹಾಗೆ ಜಾರುತ್ತದೆ, ಇಂಬಳ ಬೇರೆ. ನವೆಂಬರ್‌ನಿಂದ ಫೆಬ್ರವರಿ ಮಲೆನಾಡಿಗೆ ಹೋಗಿ. ಆದರೆ ಅದೇ ಕಾಫಿ ಕೊಯ್ಲಿನ ಕಾಲ, ತೋಟದ ದಾರಿಯಲ್ಲಿ ಟ್ರ್ಯಾಕ್ಟರ್, ಪಿಕಪ್, ಕೆಲಸದವರು ಇರುತ್ತಾರೆ. ತೋಟ ಖಾಸಗಿ ಜಾಗ, ತೋಟ ನೋಡಿಕೊಳ್ಳುವ ರೈಟರನ್ನು ಕೇಳಿಯೇ ಒಳಗೆ ಹೋಗಿ. ಕೇಳಿದರೆ ಯಾವ ಕಡೆ ಆನೆ ಇದೆ ಅಂತಲೂ ಅವರೇ ಹೇಳುತ್ತಾರೆ, ಸಕಲೇಶಪುರ, ಆಲೂರು, ಕೊಡಗಿನ ಕಡೆ ಇದು ತಮಾಷೆಯ ಮಾತಲ್ಲ. ಬೆಳಕು ಪೂರ್ತಿ ಹರಿಯುವ ಮುಂಚೆ, ಸಂಜೆ ಕತ್ತಲಾದ ಮೇಲೆ ಅಲ್ಲಿ ತುಳಿಯಬೇಡಿ. ಅಭಯಾರಣ್ಯ, ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ತುರಹಳ್ಳಿಯಂಥ ಊರ ಅಂಚಿನ ಕಾಡುಗಳಲ್ಲೂ ಇವತ್ತಿನ ನಿಯಮ ಏನು ಅಂತ ಇಲಾಖೆಯವರನ್ನು ಕೇಳಿಕೊಳ್ಳಿ.

ಒಬ್ಬರೇ ಹೋಗಬೇಡಿ. ಹುಡುಗರ ಜೊತೆ ಹೋದರೆ ಅವರು ಮುಂದೆ ಹೋಗಲಿ, ಪ್ರತಿ ಕವಲಿನಲ್ಲಿ ಕಾಯಬೇಕು ಅಂತ ಹೊರಡುವಾಗಲೇ ಮಾತಾಡಿಕೊಳ್ಳಿ. ಮನೆಯವರಿಗೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ತಿಳಿಸಿ, ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿ. ಮಲೆನಾಡಿನ ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಒಂದು ಸೀಟಿ ಜೊತೆಗಿರಲಿ. ರಕ್ತದ ಗುಂಪು, ತಗೊಳ್ಳುವ ಮಾತ್ರೆ, ಮನೆಯ ನಂಬರ್ ಬರೆದ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಬೆನ್ನಚೀಲದೊಳಗೆ.

ಮೋಟಾರ್ ಇರುವ ಸೈಕಲ್

ಏರು ಹತ್ತಲು ಮೋಟಾರ್ ನೆರವು ಕೊಡುವ ಇ-ಎಂಟಿಬಿ ಬಗ್ಗೆ ಮೂಗು ಮುರಿಯುವವರಿದ್ದಾರೆ. ನಾನು ಅದರ ಪರ. ಹೃದಯದ ಡಾಕ್ಟರು ಇಷ್ಟಕ್ಕಿಂತ ಮೇಲೆ ಎದೆಬಡಿತ ಬೇಡ ಅಂದಿದ್ದರೆ, ಮಂಡಿ ಸವೆದಿದ್ದರೆ, ಅಥವಾ ಮಗನ ಜೊತೆ ಒಂದೇ ವೇಗದಲ್ಲಿ ಹೋಗಬೇಕು ಅನ್ನುವ ಆಸೆ ಇದ್ದರೆ, ತಗೊಳ್ಳಿ. ತುಳಿಯಲೇಬೇಕು, ತುಳಿದಷ್ಟಕ್ಕೆ ನೆರವು ಅಷ್ಟೇ. ನಮ್ಮ ದೇಶದಲ್ಲಿ 250 ವಾಟ್ ಒಳಗೆ, ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಲೈಸೆನ್ಸ್, ನೋಂದಣಿ ಬೇಕಿಲ್ಲ. ಎರಡು ವಿಷಯ ತಿಳಿದಿರಿ. ತೂಕ 20ರಿಂದ 25 ಕಿಲೋ, ಬೀಳುವಾಗ ಅಷ್ಟೂ ನಿಮ್ಮ ಕಾಲ ಮೇಲೆ ಬರಬಹುದು, ಬ್ಯಾಟರಿ ಖಾಲಿ ಆದರೆ ತಳ್ಳುವವರೂ ನೀವೇ. ಎರಡನೆಯದು, ಇಷ್ಟು ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, 160 ವಾಟ್ ಅವರ್ ಮಿತಿ ಇದೆ. ಹಿಮಾಚಲಕ್ಕೋ ಲಡಾಖ್‌ಗೋ ಹೋಗುವ ಯೋಚನೆ ಇದ್ದರೆ ಅಲ್ಲೇ ಬಾಡಿಗೆಗೆ ಹುಡುಕಿ.

ಬಿದ್ದ ಮೇಲೆ, ಬಿಡುವಾದ ಮೇಲೆ

ಇಷ್ಟೆಲ್ಲ ಮಾಡಿಯೂ ಒಮ್ಮೆ ಬೀಳಬಹುದು, ಜ್ವರ ಬರಬಹುದು, ಊರಿಗೆ ಹೋಗಬೇಕಾಗಬಹುದು. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಕಾಲಿಗೆ ರಜೆ ಯಾಕೆ? ಡಾಕ್ಟರು ಒಪ್ಪಿದರೆ ಮನೆಯಲ್ಲೇ ನಿಂತ ಸೈಕಲ್ ತುಳಿಯಿರಿ, ನಡೆಯಿರಿ, ಬಸ್ಕಿ ಹೊಡೆಯಿರಿ. ಮತ್ತೆ ಟ್ರೇಲಿಗೆ ಬರುವಾಗ ಮೊದಲ ವಾರ ರಸ್ತೆ ಮಾತ್ರ. ಎರಡನೇ ವಾರ ಕಣ್ಣುಮುಚ್ಚಿದರೂ ಗೊತ್ತಿರುವ ಹಳೆ ಮಣ್ಣಿನ ದಾರಿ, ಒಬ್ಬ ನಿಧಾನದ ಗೆಳೆಯನ ಜೊತೆ. ಮೂರನೇ ವಾರ ಅದೇ ದಾರಿಯಲ್ಲಿ ಬಿದ್ದ ಜಾಗದಂಥದ್ದೇ ಒಂದು ಸಣ್ಣ ಇಳಿಜಾರು ಹುಡುಕಿ, ನಡೆದು ನೋಡಿ, ಆಮೇಲೆ ಇಳಿಯಿರಿ. ಮಣಿಕಟ್ಟು ಊರಿ ಟೇಬಲ್ ಮೇಲಿಂದ ಏಳುವಾಗ ನೋವಿದ್ದರೆ ಇನ್ನೊಂದು ವಾರ ತಡೆಯಿರಿ. ನಾಲ್ಕನೇ ವಾರ ಗುಂಪಿಗೆ ಸೇರಿಕೊಳ್ಳಿ, ಅವತ್ತು ಎಲ್ಲರಿಗಿಂತ ಕೊನೆಯಲ್ಲಿ ಇಳಿಯಿರಿ, ಹಿಂದೆ ಯಾರೂ ಇಲ್ಲದಿದ್ದರೆ ಅವಸರವೂ ಇರುವುದಿಲ್ಲ.